ಮುಂದೆ ಹೋದವಳು

"ಇನ್ನೂ ಎಷ್ಟು ಹೊತ್ತು ಕೂತಿರ್ತೀಯೇ, ಏಳು!" ತಂಗಿ ಸೈಕಲ್ಲಿನಿಂದ ಇಳಿಯದೆಯೇ ಕೂಗಿದಳು.

ಕಾಲುವೆ ದಂಡೆಯ ಬೆಂಚಿನ ಮೇಲೆ ಅಕ್ಕ ಸಾವಕಾಶವಾಗಿ ನೀರು ಕುಡಿಯುತ್ತಿದ್ದಳು. ರಾಜಧಾನಿಯವರೆಗಿನ ಸೈಕಲ್ ದಾರಿ ಇಲ್ಲಿ ಕಾಲುವೆಯನ್ನೇ ಹಿಡಿದು ಸಾಗುತ್ತಿತ್ತು. ಹಿಂದಿನಿಂದ ಬಂದ ಸವಾರರು ಗಂಟೆ ಬಾರಿಸುತ್ತ ದಾಟಿಹೋಗುತ್ತಿದ್ದರು. ಒಬ್ಬೊಬ್ಬರು ದಾಟಿದಾಗಲೂ ತಂಗಿಗೆ ತನ್ನದೇನನ್ನೋ ಕಸಿದುಕೊಂಡು ಹೋದಂತೆ ಆಗುತ್ತಿತ್ತು.

ಊರಿನಲ್ಲಿ ಪಾರ್ಸೆಲ್ ಹಂಚುವುದು ಅವಳ ಕೆಲಸ. ಒಂದು ಮನೆಯ ಬಾಗಿಲು ತೆರೆಯುವಷ್ಟರಲ್ಲಿ ಮನಸ್ಸು ಮುಂದಿನ ಬೀದಿಯಲ್ಲಿರುತ್ತಿತ್ತು. ಅಂಥವಳಿಗೆ ಅಕ್ಕನ ಜೊತೆ ಹೊರಟದ್ದು ಕಾಲಿಗೆ ಕಲ್ಲು ಕಟ್ಟಿಕೊಂಡಂತಾಗಿತ್ತು. ಹೋಗೋಣ ಎಂದು ದುಂಬಾಲು ಬಿದ್ದವಳು ಅಕ್ಕನೇ. ಟೈಲರ್ ಅಂಗಡಿಗೆ ಬೀಗ ಹಾಕಿ, ತಂಗಿ ಈಗ ತೊಟ್ಟಿದ್ದ ಕೆಂಪು ಜಾಕೀಟನ್ನೂ ತಾನೇ ಹೊಲಿದಿದ್ದಳು. ತೋಳಿನ ಹೊಲಿಗೆ ಸೊಟ್ಟಗಾಗಿತ್ತು, ಅವಸರದಲ್ಲಿ ಹೊಲಿದಿರಬೇಕು. ದಾರಿಗೆ ಬಿದ್ದ ಮೇಲೆ ಮಾತ್ರ ಅವಸರವೇ ಇಲ್ಲ. ಎದುರಿಗೆ ಯಾರಾದರೂ ಬಂದರೆ ಬ್ರೇಕು, ನೆರಳು ಬಿದ್ದಲ್ಲಿ ಬ್ರೇಕು.

"ನೀನು ನಿಧಾನಕ್ಕೆ ಬಾ. ಸೇತುವೆ ಹತ್ರ ಕಾಯ್ತಿರ್ತೀನಿ."

"ತುಂಬಾ ದೂರ ಹೋಗ್ಬೇಡ ಕಣೇ," ಎಂದ ಅಕ್ಕನ ಮಾತು ಬೆನ್ನಿಗೆ ಬಿತ್ತು. ಕೇಳಿಸದವಳಂತೆ ತಂಗಿ ಪೆಡಲು ತುಳಿದಳು.

ಸೇತುವೆಯ ಬಳಿ ಹಾಯೆನಿಸಿದ್ದು ಸ್ವಲ್ಪ ಹೊತ್ತು ಮಾತ್ರ. ಬಳಿಕ ಕೈಕಾಲು ಸುಮ್ಮನಿರಲಿಲ್ಲ. ಚೈನು ಮುಟ್ಟಿ ನೋಡಿದಳು, ಇಲ್ಲದ ಧೂಳು ಒರೆಸಿದಳು. ಅಕ್ಕನ ಸುಳಿವಿಲ್ಲ. ಮೊದಲು ಸಿಟ್ಟು ಬಂತು. ಆಮೇಲೆ ಕಣ್ಣು ತಾನಾಗಿ ಕಾಲುವೆಯ ನೀರಿನತ್ತ ಹೋಯಿತು. ಬಂದ ದಾರಿಯಲ್ಲೇ ಸೈಕಲ್ ತಿರುಗಿಸಿದಳು.

ಇಟ್ಟಿಗೆ ಗೂಡಿನ ಕಡೆಗೆ ಕವಲೊಡೆದ ಮಣ್ಣುದಾರಿಯಲ್ಲಿ, ದೂರದಲ್ಲಿ, ಅಕ್ಕ ಕಂಡಳು. ಅವಳ ಮುಂದೆ ಇನ್ನೊಂದು ಸೈಕಲ್ಲು.

"ಸಾಕು ನಿಲ್ಲೇ! ಎಷ್ಟು ಮುನಿಸ್ಕೊಳ್ತೀಯ? ನನ್ನ ಕೈಲಿ ಆಗಲ್ಲ!" ಅಕ್ಕ ಏದುಸಿರಿನಲ್ಲಿ ಕೂಗುತ್ತಿದ್ದಳು.

ಮುಂದಿನ ಸವಾರ ನಿಂತು ತಿರುಗಿದ. ಕೆಂಪು ಅಂಗಿ ತೊಟ್ಟ, ದಪ್ಪ ಮೀಸೆಯ ಗಂಡಸು. "ನನಗಾ ಹೇಳಿದ್ದು?" ಎಂದ.

ತಂಗಿಗೆ ನಗು ಉಕ್ಕಿತು. "ಏನಕ್ಕಾ, ನನಗೆ ಯಾವಾಗ ಮೀಸೆ ಬಂತು?" ಎನ್ನುತ್ತ ಹತ್ತಿರ ಬಂದಳು. ಅಕ್ಕ ದನಿ ಬಂದ ಕಡೆಗೆ ತಿರುಗಿದಳು. ನೋಟ ಮಾತ್ರ ತಂಗಿಯ ಮುಖ ಬಿಟ್ಟು ಪಕ್ಕದಲ್ಲೆಲ್ಲೋ ನಿಂತಿತ್ತು. ತಂಗಿ ಸೈಕಲ್ಲಿನಿಂದ ಇಳಿದಳು.

ಮೀಸೆಯವನು ಮುಂದೆ ಹೋದ ಮೇಲೆ ಕೇಳಿದಳು, "ಯಾವಾಗಿಂದ ಹೀಗೆ?"

"ಸೂಜಿಗೆ ದಾರ ಪೋಣಿಸೋಕೆ ಪಕ್ಕದಂಗಡಿಯವಳನ್ನ ಕರೆಯೋಕೆ ಶುರು ಮಾಡಿದಾಗಿಂದ. ಬಣ್ಣ ಗೊತ್ತಾಗುತ್ತೆ, ಮುಖ ಕಲಸಿಹೋಗುತ್ತೆ. ಬಣ್ಣಾನೂ ಹೋಗುತ್ತಂತೆ. ಯಾವಾಗ ಅಂತ ಡಾಕ್ಟ್ರಿಗೇ ಗೊತ್ತಿಲ್ಲ."

"ನನಗೆ ಹೇಳೋಕೇನಾಗಿತ್ತು ನಿನಗೆ?"

"ನೀನು ನಿಂತ್ಕೊಂಡು ಕೇಳಿದ್ದು ಯಾವಾಗ?"

ತಂಗಿ ಹ್ಯಾಂಡಲ್ಲು ಬಿಗಿಯಾಗಿ ಹಿಡಿದಳು. "ನಡಿ, ಇಲ್ಲಿಂದ ರೈಲು ಹತ್ತೋಣ."

"ರೈಲಲ್ಲಿ ಕೂತು ನಾನೇನು ನೋಡ್ಲಿ? ಇಲ್ಲಾದ್ರೆ ಗಾಳಿ ಮುಖಕ್ಕೆ ಬಡಿಯುತ್ತೆ. ರಾಜಧಾನೀನ ಇಷ್ಟಾದ್ರೂ ಕಾಣೋವಾಗ್ಲೇ ನೋಡ್ಬೇಕು ನನಗೆ. ನೀನು ಮುಂದೆ ಇದ್ರೆ ಸಾಕು, ನಾನು ಬರ್ತೀನಿ."

ಆಮೇಲಿನ ದಾರಿಯುದ್ದಕ್ಕೂ ತಂಗಿ ಕೂಗುತ್ತಲೇ ಹೋದಳು: "ಎಡಕ್ಕೆ ಗುಂಡಿ." "ನಾಯಿ ಮಲಗಿದೆ." "ಇಳಿಜಾರು, ಬ್ರೇಕು ಹಿಡಿ." ಕಾಲುಗಳು ಓಡಲು ತುಡಿಯುತ್ತಿದ್ದವು, ಹಲ್ಲು ಕಚ್ಚಿ ತಡೆದಳು. ಗಂಟಲು ಒಣಗಿತು. ಹಿಂದೆ ಅಕ್ಕನ ಚೈನಿನ ಕಟಕಟ ಸದ್ದು ಸ್ವಲ್ಪ ದೂರವಾದರೂ ಬೆನ್ನು ನೆಟ್ಟಗಾಗುತ್ತಿತ್ತು.

ಸಂಜೆ ರಾಜಧಾನಿ ಎದುರಾಯಿತು. ವಾಹನಗಳ ನಡುವೆ ಅಕ್ಕನನ್ನು ಬಿಡಲು ಧೈರ್ಯ ಬರದೆ, ಇಬ್ಬರೂ ಇಳಿದು ಸೈಕಲ್ ತಳ್ಳಿಕೊಂಡು ನಡೆದರು. ದೊಡ್ಡದೊಂದು ವೃತ್ತದಲ್ಲಿ ಅಕ್ಕ ನಿಂತುಬಿಟ್ಟಳು.

"ಏನಿದೆ ಇಲ್ಲಿ?"

"ಏನಿಲ್ಲ, ರಸ್ತೆ. ಬಾ."

"ರಸ್ತೆ ಅಂತ ನನಗೂ ಗೊತ್ತು. ನೋಡಿ ಹೇಳೇ."

ತಂಗಿ ತಲೆಯೆತ್ತಿದಳು. "ಎದುರಿಗೆ ಗೋಪುರ. ಅದರಲ್ಲೊಂದು ಗಡಿಯಾರ. ಒಬ್ಬ ಏಣಿ ಮೇಲೆ ನಿಂತು ಅದರ ಗಾಜು ಒರೆಸ್ತಿದಾನೆ."

"ಗಂಟೆ ಎಷ್ಟಂತೆ?"

"ಕಾಣ್ತಿಲ್ಲ. ಅವನು ಅಡ್ಡ ಇದಾನೆ."

ಹಸಿರು ದೀಪ ಹತ್ತಿತು. ಜನ ಇಬ್ಬರನ್ನೂ ಬಳಸಿಕೊಂಡು ರಸ್ತೆ ದಾಟತೊಡಗಿದರು.

"ಈಗ?" ಎಂದಳು ಅಕ್ಕ.

"ಇನ್ನೂ ಒರೆಸ್ತಿದಾನೆ," ಎಂದಳು ತಂಗಿ, ಸೈಕಲ್ಲಿನ ಸ್ಟ್ಯಾಂಡು ಹಾಕುತ್ತ.