ಉಸಿರು ಬಿಟ್ಟು ಹಿಡಿದ ಚೂನ್‌ಹ್ವಾ

"ಕೊಯ್ಯೋದು ಅಂತ ಗೊತ್ತಾದ ಮೇಲೆ ನನ್ನ ಹೊಟ್ಟೇಲಿ ಮತ್ತೇನು ಹುಡುಕ್ತಾರೆ?"

ಚೂನ್‌ಹ್ವಾ ಅಕ್ಕ ಸಿಡುಕಿದಳು. ಜೇಜು ದ್ವೀಪದ ನಮ್ಮೂರಿನಲ್ಲಿ ಕಡಲಲ್ಲಿ ಮುಳುಗಿ ಚಿಪ್ಪು ತೆಗೆಯುವವರೆಲ್ಲ ಹೆಂಗಸರು. ಅವಳು ನಮಗೆ ಹಿರಿಯಳು. ದಂಡೆಯ ಕಲ್ಲುಗೋಡೆಯ ಮರೆಯಲ್ಲಿ ಬೆಂಕಿಗೆ ಮೈ ಕಾಯಿಸುತ್ತ ಕುಳಿತಿದ್ದೆವು.

ಬಹುಕಾಲದಿಂದ ಮೈಯಲ್ಲಿದ್ದ ಹೆಪಟೈಟಿಸ್ ಬಿ ಅವಳ ಯಕೃತ್ತನ್ನು, ಅಂದರೆ ಲಿವರನ್ನು, ಕೆಡಿಸಿತ್ತು. ಸಿಟಿ ಸ್ಕ್ಯಾನಿನಲ್ಲಿ ಕ್ಯಾನ್ಸರ್ ಗಡ್ಡೆಯೊಂದು ಕಂಡಿತ್ತು. ಆಪರೇಷನ್ನಿಗೆ ಮೊದಲು ಎಂ.ಆರ್.ಐ. ಆಗಲೇಬೇಕು ಎಂದಿದ್ದರು. ಹೋದವಳು ಅರ್ಧಕ್ಕೇ ಎದ್ದು ಬಂದಿದ್ದಳು.

"ಆ ಕೊಳವೆಯೊಳಗೆ ಮಲಗಿಸಿ ಯಂತ್ರ ನಡೆಸೋನು ಏನಂದ ಗೊತ್ತಾ? 'ಉಸಿರೆಲ್ಲ ಬಿಡಿ, ಆಮೇಲೆ ಹಿಡ್ಕೊಳ್ಳಿ' ಅಂದ. ಖಾಲಿ ಎದೇಲಿ ಯಾರಾದ್ರೂ ಉಸಿರು ಹಿಡೀತಾರಾ? ಸಾಯೋದು ಹೇಗೆ ಅಂತ ಹೇಳ್ಕೊಟ್ಟ ಹಾಗಿತ್ತು! ನಾನು ಎದೆ ತುಂಬಾ ಎಳ್ಕೊಂಡೇ ಹಿಡಿದೆ. ಚಿತ್ರ ಕಲಸಿಹೋಯ್ತಂತೆ. ಹೋಗ್ಲಿ!"

ಎದೆ ತುಂಬಿಕೊಳ್ಳದೆ ನಾವು ಯಾರೂ ನೀರಿಗಿಳಿದವರಲ್ಲ. ನಮಗೂ ಯಂತ್ರದವನ ಆ ಮಾತು ಸರಿ ಕಾಣಲಿಲ್ಲ. ಅವಳು ಹೆದರಿದ್ದು ಯಂತ್ರಕ್ಕಲ್ಲ ಎಂದು ನನಗನ್ನಿಸಿತು. ಮನೆಯಲ್ಲಿ ಎಲ್ಲವನ್ನೂ ಬೇರೆಯವರ ಮಾತಿನಂತೆ ನಡೆಸಿದವಳಿಗೆ ಉಸಿರೊಂದೇ ತನ್ನದಾಗಿ ಉಳಿದಿತ್ತು; ಅದನ್ನೂ ಬೇರೆಯವರ ಮಾತಿಗೆ ಒಪ್ಪಿಸಲು ಹೆದರಿದ್ದಳು.

ಅಷ್ಟರಲ್ಲಿ ಅವಳನ್ನೇ ಹುಡುಕಿಕೊಂಡು ಆಸ್ಪತ್ರೆಯ ನರ್ಸ್ ಹ್ಯೋನ್‌ಸುಕ್ ಬಂದಳು. ಅವಳು ನಮ್ಮೂರಿನ ಮಗಳೇ.

"ಬಂದ್ಯಾ? ಹಿಡ್ಕೊಂಡು ಹೋಗೋಕೆ ಕಳಿಸಿದ್ರಾ?"

"ಬಯ್ಯೋದು ಆಮೇಲೆ, ದೊಡ್ಡಮ್ಮ. ಕೈ ಇಲ್ಲಿಡಿ." ಹ್ಯೋನ್‌ಸುಕ್ ಅಕ್ಕನ ಅಂಗೈಯನ್ನು ಅಕ್ಕನದೇ ಬಲಪಕ್ಕೆಯ ಮೇಲಿಟ್ಟಳು. "ಉಸಿರು ಎಳ್ಕೊಂಡ್ರೆ ಲಿವರ್ ಕೆಳಕ್ಕೆ ಸರಿಯುತ್ತೆ, ಬಿಟ್ರೆ ಮೇಲಕ್ಕೆ. ಎಳ್ಕೊಂಡಾಗ ಒಂದೊಂದ್ಸಲ ಒಂದೊಂದು ಕಡೆ ನಿಲ್ಲುತ್ತೆ. ಪೂರಾ ಬಿಟ್ಟಾಗ ಹೆಚ್ಚುಕಮ್ಮಿ ಅದೇ ಜಾಗಕ್ಕೆ ಬರುತ್ತೆ. ಆಗ ಚಿತ್ರ ಸರಿಯಾಗಿ ಬರುತ್ತೆ."

"ಒಂದು ಗಡ್ಡೆ ಕಂಡಿದೆಯಲ್ಲ, ಸಾಲ್ದಾ?"

"ಸಣ್ಣದು ಇನ್ನೊಂದು ಅಡಗಿದ್ರೆ? ಅದನ್ನ ಒಳಗೇ ಬಿಟ್ಟು ಹೊಲಿದುಬಿಟ್ರೆ? ಸಿಟಿ ಸ್ಕ್ಯಾನಲ್ಲಿ ಕಾಣದ್ದು ಕೆಲವು ಸಲ ಇದ್ರಲ್ಲಿ ಕಾಣುತ್ತೆ."

ಅಕ್ಕ ಬೆಂಕಿಯನ್ನೇ ನೋಡಿದಳು. "ನಡುವೆ ಉಸಿರು ಕಟ್ಟಿದ್ರೆ?"

"ನೀವು ಮಲಗಿರೋದು ಹಾಸಿಗೆ ಮೇಲೆ, ನೀರಲ್ಲಲ್ಲ. ಕೈಯಲ್ಲೊಂದು ಗುಂಡಿ ಕೊಡ್ತಾರೆ. ಒತ್ತಿದ್ರೆ ಹೊರಗೆ ತರ್ತಾರೆ."

ಅಲ್ಲೇ ಎಲ್ಲರೂ ಉಸಿರು ಬಿಟ್ಟು ಹಿಡಿದು ನೋಡಿದೆವು. ಮೊದಲು ಕೆಮ್ಮಿದವಳು ನಾನೇ.

"ಥೂ, ಇಷ್ಟೂ ಆಗಲ್ವಾ ನಿಂಗೆ?" ಎಂದು ಅಕ್ಕ ನಕ್ಕಳು. ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿದವಳು ಅವಳೇ.

ಮತ್ತೆ ಸ್ಕ್ಯಾನಿಗೆ ಹೋಗಿ, ಹೇಳಿದಂತೆ ಉಸಿರು ಬಿಟ್ಟು ಹಿಡಿದಳು. ಲಿವರಿನ ಬಲಭಾಗದ ಗಡ್ಡೆಯ ಜೊತೆಗೆ ಎಡಭಾಗದಲ್ಲಿ ಬಟಾಣಿಯಷ್ಟು ಇನ್ನೊಂದು ಕಂಡಿತು. ವೈದ್ಯರು ಮೊದಲಿನ ಯೋಚನೆ ಬದಲಿಸಿ, ಒಂದೇ ಆಪರೇಷನ್ನಿನಲ್ಲಿ ಎರಡನ್ನೂ ತೆಗೆದರು.

"ಗಡ್ಡೆ ಮತ್ತೆ ಬಂದಿದೆಯಾ ಅಂತ ನೋಡೋಕೆ ಸ್ಕ್ಯಾನಿಗೆ ಬರ್ತಾ ಇರ್ಬೇಕಂತೆ. ಇವರ ಹುಡುಕಾಟಕ್ಕೆ ಕೊನೆಯೇ ಇಲ್ಲ," ಎಂದು ಅಕ್ಕ ಈಗಲೂ ಗೊಣಗುತ್ತಾಳೆ. ಗೊಣಗುತ್ತಲೇ ಪಕ್ಕೆಯ ಮೇಲೆ ಕೈಯಿಟ್ಟು ಉಸಿರು ಬಿಡುತ್ತಾಳೆ.

ಅಕ್ಕತಂಗಿಯರೇ, ಹೆಪಟೈಟಿಸ್ ಇದ್ದರೆ ಮೈ ಚೆನ್ನಾಗಿದೆ ಎನಿಸಿದರೂ ಲಿವರ್ ಪರೀಕ್ಷೆ ತಪ್ಪಿಸಬೇಡಿ. ಆಪರೇಷನ್ನಿಗೆ ಮೊದಲು ಎಂ.ಆರ್.ಐ. ಬೇಕೆ ಎಂದು ವೈದ್ಯರನ್ನು ಕೇಳಿ. ಮೈಯೊಳಗೆ ಲೋಹವೋ ಪೇಸ್‌ಮೇಕರೋ ಇದ್ದರೆ, ಕಿಡ್ನಿ ತೊಂದರೆಯಿದ್ದರೆ ಮೊದಲೇ ಹೇಳಿ. ಅನುಮಾನ ಬಂದರೆ ನಾಚಬೇಡಿ. ಅದನ್ನು ಮನೆಗೆ ಹೊತ್ತು ತರುವ ಬದಲು ಅಲ್ಲೇ ಬಾಯಿಬಿಟ್ಟು ಕೇಳಿ.