ಬೇವಿನ ತಪ್ಪಲ

"ಹಲ್ಲು ಬಂದ ಹೋರಿಗೋಳಿಗೆ ಇನ್ನಾ ಮೊಲಿ ಕುಡಸ್ಲಿಕತ್ತೀಯಲ್ಲ, ಹಲ್ಕಟ್! ಲಾರಿ ನಿಂತದ, ಏಳು!"

ಶಹಾಬಾದಿನ ನಮ್ಮ ಕಲ್ಲಿನ ಖಣಿಯಲ್ಲಿ ಕೂಲಿಗಳನ್ನು ದುಡಿಸುವ ಮುಕಾದಮ ಲಕ್ಷ್ಮಿಕಾಂತನ ಬಾಯಿಗೆ ಬೀಗವಿಲ್ಲ. ಬೇವಿನ ಮರದಡಿ ಕುಳಿತಿದ್ದ ಮಹಾನಂದಾ ಏಳಲಿಲ್ಲ. ಸಂಘಪಾಲ ಎಡಕ್ಕೆ, ಮಿಲಿಂದ ಬಲಕ್ಕೆ. ಸೆರಗಿನ ಹೊರಗೆ ನಾಲ್ಕು ಕಾಲು ಮಾತ್ರ ಕಾಣುತ್ತಿದ್ದವು. ಅವಳಿಗಳಿಗೆ ಒಂದೂವರೆ ವರ್ಷ.

"ಇನ್ನಾ ಎಷ್ಟ್ ದಿನ ಕುಡಸ್ತಿ?"

"ಅವು ಬಿಡೋತನಕರೀ."

ಅವನು ಬೇವಿನ ಟೊಂಗೆ ಮುರಿದು ಅವಳ ಮುಂದೆ ಎಸೆದ. "ತಪ್ಪಲ ಅರದು ಮೊಲಿಗೆ ಹಚ್ಚು. ಇವತ್ತೇ ಬಿಡಸು. ಇಲ್ಲಂದ್ರ ನಾಳಿಂದ ಈ ಕಡಿ ಮಾರಿ ತೋರಸಬ್ಯಾಡ."

ಮಹಾನಂದಾಳ ಮುಖ ಬಾಡಿತು. ಕೆಲಸ ಹೋದರೆ ಒಲೆ ಹತ್ತುವುದಿಲ್ಲ. ಹಾಲು ಬಿಡಿಸಿದರೆ ಆ ಕೂಸುಗಳಿಗೆ ಕಲ್ಲಿನ ದೂಳೇ ಗತಿ.

ಎಲ್ಲರಿಗೂ ಚಹಾ ಕಾಯಿಸುವ ಮುದುಕಿ ಜೈತುನ್‌ಬೀ ಬಂದು ಟೊಂಗೆ ಎತ್ತಿಕೊಂಡಳು.

"ನಾ ಅರೀತೀನಿ ತಾ ಯವ್ವಾ. ನನ್ನ ನಾಕೂ ಮಕ್ಕಳಿಗೆ ಹಿಂಗೇ ಬಿಡಸೀನಿ."

ಮುರಿದ ಫರಸಿ ಚಪ್ಪಡಿಯ ಮೇಲೆ ಸೊಪ್ಪು ಅರೆಯತೊಡಗಿದಳು. ಈ ಮುದುಕಿಯೂ ಅವನ ಕಡೆಯೇ ಆದಳಲ್ಲ ಎಂದು ಮನಸ್ಸಿನಲ್ಲೇ ಬೈದೆ.

ಆದರೆ ಅವಳು ಅದನ್ನು ಬಳಿದದ್ದು ಮುಕಾದಮನ ಚಹಾ ಲೋಟದ ಅಂಚಿಗೆ. ಫೋನಿನಲ್ಲಿ ಯಾರನ್ನೋ ಬೈಯುತ್ತಲೇ ಅವನು ಒಂದು ಗುಟುಕು ಎಳೆದ.

"ಥೂ! ಏ ಮುದುಕಿ, ಏನ್ ಹಚ್ಚೀದಿ?"

"ನೀನೇ ಮುರದು ಕೊಟ್ಟ ಬೇವು ಬೇಟಾ. ಮೀಸಿ ಬಂದು ಮೂವತ್ತು ವರ್ಷ ಆತು, ಇನ್ನಾ ದಿನಾ ಹತ್ತು ಲೋಟ ಕುಡೀತಿ. ಇವತ್ತೇ ಬಿಡು ನೋಡಮು!"

ಇಡೀ ಖಣಿ ಬಿದ್ದು ಬಿದ್ದು ನಕ್ಕಿತು. ಲಾರಿ ಡ್ರೈವರ್ ಇಮ್ರಾನ್ ಕೂಡ ಸ್ಟಿಯರಿಂಗ್ ಬಡಿದು ನಕ್ಕ. ಮುಕಾದಮ ಬಾಯಿ ಒರೆಸಿಕೊಂಡು ನನ್ನ ಕಡೆ ತಿರುಗಿದ.

"ಏನ್ ಹಲ್ಲು ಕಿಸೀತಿ? ನೀನರೆ ಫರಸಿ ಎತ್ತು!"

ಫರಸಿಗೆ ಎರಡು ತುದಿ. ಒಂದು ತುದಿ ನನ್ನದು, ಇನ್ನೊಂದು ದಿನಾಲೂ ಮಹಾನಂದಾಳದು. ಒಬ್ಬಳೇ ಹೇಗೆ ಎತ್ತಲಿ? ಹೋಗಿ ಅವಳ ಪಕ್ಕ ಕುಳಿತೆ. ಕುಳಿತ ಮೇಲೆ ಎಷ್ಟು ಹಾಯೆನಿಸಿತೆಂದರೆ, ಕಾಲನ್ನೂ ಚಾಚಿದೆ. ನಮ್ಮನ್ನು ನೋಡಿ ಉಳಿದ ಹೆಂಗಸರೂ ಜೋಡಿ ಜೋಡಿಯಾಗಿ ಕಲ್ಲು ಇಳಿಸಿ ಬೇವಿನ ನೆರಳಿಗೆ ಬಂದರು.

ಖಾಲಿ ಲಾರಿ ಹಾಗೇ ನಿಂತಿತ್ತು. ಮಿಲಿಂದ ಸೆರಗಿನಿಂದ ತಲೆ ಹೊರಹಾಕಿ ಮುಕಾದಮನನ್ನು ಒಮ್ಮೆ ನೋಡಿದ, ಮತ್ತೆ ಒಳಗೆ ಹೋದ.

"ಜರಾ ನಿಂದರ್ರಿ ಮುಕಾದಮ್ರೇ," ಅಂದಳು ಮಹಾನಂದಾ, "ಇವರದು ಇನ್ನಾ ಆಗಿಲ್ಲ."