ಒಂಬತ್ತು ಕರಿಕಾಳು

ಆಲ್ಡರ್‌ಬ್ರೂಕ್ ಊರಿನ ಗುಮಾಸ್ತ ಅಸಾಹೆಲ್ ವೆಟ್‌ಮೋರ್ ಹತ್ತೊಂಬತ್ತು ವರ್ಷಗಳಿಂದ ಊರಸಭೆಯ ಮತ ಎಣಿಸುತ್ತಿದ್ದ. ಒಂದು ಸಲವೂ ಎಣಿಕೆ ತಪ್ಪಿರಲಿಲ್ಲ. ಆ ಹೆಮ್ಮೆಯನ್ನು ಅವನು ಭಾನುವಾರದ ಕೋಟಿನ ಹಾಗೆ ಜೋಪಾನವಾಗಿ ಇಟ್ಟುಕೊಂಡಿದ್ದ. ಇಟ್ಟುಕೊಳ್ಳಲಿ, ಬೇಡ ಅಂದವರು ಯಾರು? ಆದರೆ ಹೆಮ್ಮೆ ಸಾಕಿದ ನಾಯಿಯಲ್ಲ, ಯಜಮಾನನ ಗುರುತು ಅದಕ್ಕೆ ಇರುವುದಿಲ್ಲ.

ಅದು ಸಾವಿರದ ಏಳುನೂರ ತೊಂಬತ್ತೆಂಟರ ಮೇ ತಿಂಗಳು. ಫ್ರೆಂಚರು ಸಮುದ್ರದಲ್ಲಿ ನಮ್ಮ ಹಡಗುಗಳನ್ನು ಹಿಡಿಯುತ್ತಿದ್ದಾರೆಂದು ದೇಶವೆಲ್ಲ ಕುದಿಯುತ್ತಿತ್ತು. ಯುದ್ಧ ಸಾರಿ ಎಂದು ದೇಶದ ಶಾಸನಸಭೆಯಾದ ಕಾಂಗ್ರೆಸ್ಸಿಗೆ ಬರೆದು, ಊರಿನಿಂದ ಒಂದು ದಂಡು ಕಳಿಸಬೇಕೋ ಬೇಡವೋ ಎಂದು ತೀರ್ಮಾನಿಸಲು ಅರವತ್ತನಾಲ್ಕು ಗಂಡಸರು ಪ್ರಾರ್ಥನಾ ಮಂದಿರದಲ್ಲಿ ಸೇರಿದ್ದರು. ಹೌದು ಎಂದಾದರೆ ಮೊದಲ ರುಜು ತನ್ನದೇ ಎಂದು ಅಸಾಹೆಲನ ಮಗ ಜೋಥಮ್ ವಾರದಿಂದ ಹೇಳಿಕೊಂಡು ತಿರುಗುತ್ತಿದ್ದ. ಇಪ್ಪತ್ತೆರಡು ವರ್ಷದವನು, ತಾಯಿಯಿಲ್ಲದವನು, ಇದ್ದೊಬ್ಬ ಮಗ. ಅವನು ಹೋಗುವುದು ಅಸಾಹೆಲನಿಗೆ ಸುತರಾಂ ಬೇಡ. ಆದರೆ ಅದನ್ನು ಬಾಯಿಬಿಟ್ಟು ಹೇಳುವಂತಿಲ್ಲ; ಎಣಿಸುವವನು ಯಾವ ಪಕ್ಷದ ಮಾತನ್ನೂ ಆಡಬಾರದೆಂಬುದು ಅವನೇ ಮಾಡಿಕೊಂಡ ಕಟ್ಟಳೆ.

ಸಭೆ ನಡೆಸುತ್ತಿದ್ದವನು ಚರ್ಚಿನ ಮುಖಂಡ, ಡೀಕನ್ ಟಕ್. ಅವನು ಹಡಗುಗಳ ಕತೆ ಹೇಳಿ ಎಲ್ಲರ ರಕ್ತ ಬಿಸಿ ಮಾಡಿದ. ಆಮೇಲೆ ಎಂಬತ್ತು ದಾಟಿದ ಬಾರ್ಜಿಲೈ ಮುದುಕ ಕೋಲೂರಿ ಎದ್ದ. ಹತ್ತು ವರ್ಷದ ಹಿಂದೆ ಇದೇ ಮಂದಿರದಲ್ಲಿ ಸಂವಿಧಾನವನ್ನು ಸಾಲು ಸಾಲಾಗಿ ಓದಿಸಿದ್ದನ್ನು ನೆನಪಿಸಿದ. ಅದರಲ್ಲಿ ದೇಶದ ಸರ್ಕಾರಕ್ಕೆ ಅಧಿಕಾರ ಕೊಟ್ಟದ್ದು ಅಳೆದು, ಬೇಲಿ ಹಾಕಿ. ಯುದ್ಧದ ಹೆಸರಿನಲ್ಲಿ ಬೇಲಿ ಕಿತ್ತರೆ ಯುದ್ಧ ಮುಗಿದ ಮೇಲೆ ಯಾರೂ ಮತ್ತೆ ನೆಡುವುದಿಲ್ಲ ಎಂದ. ಎಲ್ಲರ ಜೊತೆ ವ್ಯಾಪಾರ ಮಾಡಿ, ಯಾರ ಮನೆ ಜಗಳಕ್ಕೂ ಹೋಗಬೇಡಿ ಎಂಬ ಅರ್ಥದಲ್ಲಿ ದೇಶದ ಹಳೆಯ ಅಧ್ಯಕ್ಷರು ಇಳಿದು ಹೋಗುವಾಗ ಬುದ್ಧಿ ಹೇಳಿರಲಿಲ್ಲವೇ ಎಂದೂ ಕೇಳಿದ.

"ತಾತ, ನಿನಗೆ ವಯಸ್ಸಾಯ್ತು, ಭಯ ಸಹಜ" ಎಂದ ಟಕ್. ಕೆಲವರು ನಕ್ಕರು.

"ಕ್ವಿಬೆಕ್‌ಗೆ ನಮ್ಮವರು ಒಂಬತ್ತು ಜನ ಹೋದ್ರಲ್ಲ, ಯಾಕೆ ಹೋದ್ರು?" ಎಂದ ಮುದುಕ. "ಕೆನಡಾದವರಿಗೆ ಸ್ವಾತಂತ್ರ್ಯ ಕೊಡಿಸೋಕೆ. ಅವರೇನಾದ್ರೂ ಬಂದು ಕೇಳಿದ್ರಾ? ಹೋದೋರಲ್ಲಿ ಒಬ್ಬನಾದ್ರೂ ತಿರುಗಿ ಬಂದ್ನಾ?"

ನಗು ನಿಂತಿತು. ಇಪ್ಪತ್ತಮೂರು ವರ್ಷದ ಹಿಂದೆ ದಂಡಿನ ಜೊತೆ ಹೋದ ಆ ಒಂಬತ್ತು ಜನ ಕಾಡಿನ ಹಿಮದಲ್ಲಿ ಬೂಟಿನ ತೊಗಲು ಬೇಯಿಸಿ ತಿಂದು ಸತ್ತಿದ್ದರು. ಅವರಿಗೆ ಊರಲ್ಲಿ ಗೋರಿಯೂ ಇಲ್ಲ. ಅಸಾಹೆಲನ ಅಣ್ಣ ರೂಯೆಲ್ ಅವರಲ್ಲೊಬ್ಬ.

ಊರಿನ ಹಳೆಯ ಪದ್ಧತಿಯಂತೆ ಮತ ನಡೆಯಿತು. ಮುಸುಕಿನ ಜೋಳದ ಕಾಳು ಹಾಕಿದರೆ ಹೌದು, ಕರಿ ಅವರೆ ಹಾಕಿದರೆ ಬೇಡ. ಅಸಾಹೆಲ್ ಪೆಟ್ಟಿಗೆಯನ್ನು ಮೇಜಿನ ಮೇಲೆ ಸುರಿದು ಎಣಿಸಿದ. ಜೋಳ ಮೂವತ್ತಮೂರು. ಅವರೆ ನಲವತ್ತು. ಅರವತ್ತನಾಲ್ಕು ಜನಕ್ಕೆ ಎಪ್ಪತ್ತಮೂರು ಕಾಳು!

ಯಾರೋ ಮುಷ್ಟಿ ತುಂಬ ಹಾಕಿದ್ದಾರೆಂದು ಟಕ್ ಹಾರಾಡಿದ. ಎರಡನೆಯ ಸಲ ಒಬ್ಬೊಬ್ಬನಿಗೂ ಒಂದು ಜೋಳ, ಒಂದು ಅವರೆ ಎಣಿಸಿ ಕೊಟ್ಟರು. ಒಂದನ್ನು ಪೆಟ್ಟಿಗೆಗೆ ಹಾಕಿ, ಉಳಿದದ್ದನ್ನು ಬುಟ್ಟಿಗೆ ಹಾಕಿ, ಬರಿಗೈ ತೋರಿಸಿ ಹೋಗಬೇಕು. ಟಕ್ ಪಕ್ಕದಲ್ಲೇ ನಿಂತು ಕಣ್ಣಿಟ್ಟು ನೋಡಿದ. ಬುಟ್ಟಿಯಲ್ಲಿ ಅರವತ್ತನಾಲ್ಕು ಕಾಳಿದ್ದವು. ಪೆಟ್ಟಿಗೆಯಲ್ಲಿ ಮತ್ತೆ ಎಪ್ಪತ್ತಮೂರು.

ಈ ಸಲ ಅಸಾಹೆಲನ ಬೆರಳಿಗೆ ಗೊತ್ತಾಯಿತು. ಕಿಟಕಿಯಾಚೆ ಸೇಬಿನ ಮರ ಹೂ ಬಿಟ್ಟಿತ್ತು, ಒಳಗೆ ಜನ ಬೆವರುತ್ತಿದ್ದರು. ಆ ರಾಶಿಯಲ್ಲಿ ಒಂಬತ್ತು ಅವರೆಕಾಳು ಮಾತ್ರ ಮಂಜುಗಡ್ಡೆಯಂತೆ ಕೊರೆಯುತ್ತಿದ್ದವು. ಅವನ್ನು ಬೇರೆ ಮಾಡುತ್ತ ಹೋದ. ಏಳನೆಯದರ ಮೇಲೆ ಹಲ್ಲಿನ ಗುರುತಿತ್ತು. ಮತ ಹಾಕುವ ಮುಂಚೆ ಕಾಳನ್ನು ಕಚ್ಚಿ ನೋಡುವ ಚಾಳಿ ಊರಲ್ಲಿ ಒಬ್ಬನಿಗೇ ಇತ್ತು, ರೂಯೆಲನಿಗೆ. ಅದಕ್ಕಾಗಿ ಅವನು ಅಪ್ಪನಿಂದ ಬೈಸಿಕೊಳ್ಳುತ್ತಿದ್ದ. ಅಸಾಹೆಲ್ ಒಂಬತ್ತನ್ನೂ ಮೇಜಿನ ತುದಿಯಲ್ಲಿ ಸಾಲಾಗಿ ಇಟ್ಟ.

ಬಾರ್ಜಿಲೈ ಮುದುಕ ಹತ್ತಿರ ಬಂದು ಆ ಕಾಳುಗಳನ್ನು ಮುಟ್ಟಿ ನೋಡಿದ. ಅವನಿಗೆ ಆಶ್ಚರ್ಯವಾದಂತೆ ಕಾಣಲಿಲ್ಲ.

"ಕಳಿಸೋವಾಗ ಅವರನ್ನ ತಲೆ ಎಣಿಸಿ ಕಳಿಸಿದ್ವಿ" ಎಂದ. "ಈಗಲೂ ಎಣಿಸು ಅಸಾಹೆಲ್. ನಿಮ್ಮಣ್ಣ ಅಷ್ಟು ದೂರದಿಂದ ಬಂದಿದಾನೆ."

ಟಕ್‌ನ ಮುಖವೂ ಬಿಳಿಚಿತ್ತು. ಆದರೆ ಅವನು ಗಟ್ಟಿ ಆಸಾಮಿ. "ಗುಮಾಸ್ತ ನೀನು, ನೀನೇ ಹೇಳಪ್ಪ" ಎಂದ. "ಮಗನ್ನ ಮನೇಲಿ ಉಳಿಸ್ಕೊಳ್ಳೋಕೆ ಸತ್ತೋರ ಕೈಲಿ ಮತ ಹಾಕಿಸ್ದ ಅಂತ ನಾಳೆ ಜನ ಆಡ್ಕೊಂಡ್ರೆ ನನ್ನನ್ನ ಬೈಬೇಡ."

ಆ ಮಾತು ನಾಟಿತು. ಒಂಬತ್ತು ಕಾಳು ಎಣಿಸಿದರೆ ಮಗ ಉಳಿಯುತ್ತಾನೆ, ಬಿಟ್ಟರೆ ಹೋಗುತ್ತಾನೆ. ಎಣಿಸಬೇಕೆಂದು ಅವನ ಕರುಳು ಕೂಗುತ್ತಿತ್ತು. ಕೂಗುತ್ತಿದೆ ಎಂಬ ಕಾರಣಕ್ಕೇ ಎಣಿಸಬಾರದು ಎಂದುಕೊಂಡ. ಪೆಟ್ಟಿಗೆಯೊಳಗಿದ್ದುದನ್ನು ಎಣಿಸುವುದಷ್ಟೇ ತನಗೆ ಕೊಟ್ಟ ಅಧಿಕಾರ, ಇದು ಬೇಕು ಅದು ಬೇಡ ಎಂದು ಆರಿಸುವುದಲ್ಲ ಎಂಬುದು ಆ ಕ್ಷಣದಲ್ಲಿ ಅವನಿಗೆ ಹೊಳೆಯಲೇ ಇಲ್ಲ. ನ್ಯಾಯವಂತನೆಂಬ ಹೆಸರಿನ ಮುಂದೆ ಅಣ್ಣನ ಹಲ್ಲಿನ ಗುರುತೂ ಕಾಣಲಿಲ್ಲ. ಅಯ್ಯೋ ಪಾಪ ಎನ್ನಬೇಕೋ ಬೈಯಬೇಕೋ ನನಗೆ ಇವತ್ತಿಗೂ ತಿಳಿಯದು.

"ಸತ್ತವರಿಗೆ ಮತ ಇಲ್ಲ" ಎಂದು ಹೇಳಿ ಅವನು ಆ ಒಂಬತ್ತನ್ನು ತನ್ನ ಟೊಪ್ಪಿಗೆಯೊಳಗೆ ಹಾಕಿ ಪಕ್ಕಕ್ಕಿಟ್ಟ. ಹೌದು ಮೂವತ್ತಮೂರು, ಬೇಡ ಮೂವತ್ತೊಂದು ಎಂದು ಊರ ದಾಖಲೆ ಪುಸ್ತಕದಲ್ಲಿ ದುಂಡಗೆ ಬರೆದ. ಬಾರ್ಜಿಲೈ ಅವನ ಕಡೆ ನೋಡದೆ ಎದ್ದು ಹೋದ.

ಜೋಥಮ್ ಆಡಿದ ಮಾತಿನಂತೆ ಮೊದಲು ಬಂದು ದಂಡಿನ ಕಾಗದಕ್ಕೆ ರುಜು ಹಾಕಿದ. ಅಪ್ಪನ ಭುಜ ಅಮುಕಿ, "ಚಳಿಗಾಲಕ್ಕೆ ಮುಂಚೆ ಬಂದುಬಿಡ್ತೀನಿ ಅಪ್ಪ, ಸೌದೆ ನಾನೇ ಒಡೀತೀನಿ, ನೀನು ಕೊಡಲಿ ಮುಟ್ಟಬೇಡ" ಎಂದ. ಆಮೇಲೆ ಗೆಳೆಯರೊಂದಿಗೆ ಸೇಬಿನ ಮದ್ಯ ಕುಡಿಯಲು ಅಂಗಳಕ್ಕೆ ಹೋದ.

ಮಂದಿರ ಖಾಲಿಯಾಯಿತು. ಅಣ್ಣನಿಗೆ ಗೋರಿಯಿಲ್ಲ, ಈ ಕಾಳುಗಳನ್ನಾದರೂ ಅಪ್ಪನ ಗೋರಿಯ ಪಕ್ಕ ಹೂಳೋಣವೆಂದು ಅಸಾಹೆಲ್ ಟೊಪ್ಪಿಗೆ ಎತ್ತಿಕೊಂಡ. ಅಷ್ಟು ಹೊತ್ತೂ ಅದು ಅವನ ಮೊಣಕೈ ಪಕ್ಕದಲ್ಲೇ ಇತ್ತು, ಯಾರೂ ಮುಟ್ಟಿರಲಿಲ್ಲ. ಕಾಳುಗಳನ್ನು ಅಂಗೈಗೆ ಸುರಿದುಕೊಂಡು, ಅಭ್ಯಾಸಬಲದಿಂದ ಎಣಿಸಿದ.

ಹತ್ತು.

ಅವನ ಎಣಿಕೆ ತಪ್ಪುವುದಿಲ್ಲವಲ್ಲ. ಆದರೂ ಇನ್ನೊಮ್ಮೆ ಎಣಿಸಿದ, ಒಂದೊಂದನ್ನೂ ಬೆರಳಿನಿಂದ ಮುಟ್ಟಿ. ಒಂಬತ್ತು ಕೊರೆಯುತ್ತಿದ್ದವು. ಹೊರಗೆ ಅಂಗಳದಲ್ಲಿ ಜೋಥಮ್ ಯಾವುದೋ ಮಾತಿಗೆ ಗಟ್ಟಿಯಾಗಿ ನಗುತ್ತಿದ್ದ. ಹತ್ತನೆಯ ಕಾಳು ಇನ್ನೂ ಬೆಚ್ಚಗಿತ್ತು.